ಸಾವಿರಾರು ಅಣು, ಮೂರೇ ಗುಂಪು: ಕ್ರ್ಯಾಕಿಂಗ್ ಲೆಕ್ಕ ಬೆಳೆದು ಬಂದ ದಾರಿ

ರಿಫೈನರೀಲಿ ಕ್ಯಾಟಲಿಟಿಕ್ ಕ್ರ್ಯಾಕರ್ (ಕ್ಯಾಟಲಿಸ್ಟ್ ಅಂದ್ರೆ ವೇಗವರ್ಧಕ ಬಳಸಿ ದೊಡ್ಡ ಅಣುಗಳನ್ನ ಒಡೆದು ಪೆಟ್ರೋಲ್ ಮಾಡೋ ಘಟಕ) ಒಳಗೆ ಹೋಗೋ ಗ್ಯಾಸ್ ಆಯಿಲ್ ಅನ್ನೋ ಭಾರದ ಎಣ್ಣೆ ಇದ್ಯಲ್ಲ, ಅದರಲ್ಲಿ ಸಾವಿರಾರು ಬಗೆ ಹೈಡ್ರೋಕಾರ್ಬನ್ ಇರುತ್ವೆ, ಯಾವುದು ಎಷ್ಟಿದೆ ಅಂತ ಅಳೆಯೋದೇ ಕಷ್ಟ, ಒಂದೊಂದಕ್ಕೂ ಸಮೀಕರಣ ಬರೆಯೋದಂತೂ ದೂರದ ಮಾತು. ಆದ್ರೂ ಇಷ್ಟು ಟೆಂಪರೇಚರ್‌ಗೆ ಇಷ್ಟು ಪೆಟ್ರೋಲ್ ಬರುತ್ತೆ ಅಂತ ಮೊದಲೇ ಹೇಳಲೇಬೇಕು. ಕ್ರ್ಯಾಕಿಂಗ್‌ನ ಕೈನೆಟಿಕ್ ಮಾಡೆಲಿಂಗ್, ಅಂದ್ರೆ ಒಡೆಯೋ ವೇಗವನ್ನ ಸಮೀಕರಣದಲ್ಲಿ ಹಿಡಿಯೋ ಲೆಕ್ಕ, ಹುಟ್ಟಿದ್ದು ಈ ಇಕ್ಕಟ್ಟಲ್ಲಿ.

ಪ್ಲಾಂಟ್ ಮೊದಲು ಬಂತು, ಮಾಡೆಲ್ ಆಮೇಲೆ. ಮೊದಲ ಫ್ಲೂಯಿಡ್ ಕ್ರ್ಯಾಕರ್ (ಕ್ಯಾಟಲಿಸ್ಟ್ ಪುಡಿ ದ್ರವದ ಹಾಗೆ ಹರಿಯೋ ಬಗೆ) 1942ರಲ್ಲೇ ಅಮೆರಿಕದ ಬ್ಯಾಟನ್ ರೂಜ್‌ನಲ್ಲಿ ಓಡೋಕೆ ಶುರುವಾಗಿತ್ತು. 1945ರಲ್ಲಿ ವೂರ್ಹೀಸ್ ಅನ್ನೋರು ಕ್ಯಾಟಲಿಸ್ಟ್ ಮೇಲೆ ಕೋಕ್ (ಇಂಗಾಲದ ಮಸಿ) ಕೂರೋದಕ್ಕೆ ಒಂದು ಸರಳ ಸೂತ್ರ ಕೊಟ್ರು, ಸಮಯ ನಾಲ್ಕು ಪಟ್ಟಾದ್ರೆ ಕೋಕ್ ಸುಮಾರು ಎರಡು ಪಟ್ಟು.

ನಿಜವಾದ ತಿರುವು 1968ರದ್ದು. ಮೊಬಿಲ್ ಕಂಪನಿಯ ವೀಕ್‌ಮನ್ ಎಲ್ಲಾ ಅಣುಗಳನ್ನೂ ಮೂರೇ ಲಂಪ್‌ಗೆ, ಅಂದ್ರೆ ಗುಂಪಿಗೆ, ಹಾಕಿದ್ರು: ಗ್ಯಾಸ್ ಆಯಿಲ್, ಪೆಟ್ರೋಲ್, ಮಿಕ್ಕ ಗ್ಯಾಸು-ಕೋಕು ಎಲ್ಲಾ ಸೇರಿ ಇನ್ನೊಂದು. ಪೆಟ್ರೋಲ್ ಕೂಡ ಮತ್ತೆ ಒಡೆಯುತ್ತೆ, ಅದಕ್ಕೇ ಇಳುವರಿ ಏರಿ ಒಂದು ತುದಿ ಮುಟ್ಟಿ ಇಳಿಯುತ್ತೆ ಅನ್ನೋದು ಇಷ್ಟರಿಂದಲೇ ಸಿಕ್ತು. ನಂಗೆ ಇದರಲ್ಲಿ ತುಂಬಾ ಇಷ್ಟವಾಗೋದು ಇನ್ನೊಂದು ವಿಷ್ಯ. ಬಿಡಿ ಅಣು ಫಸ್ಟ್ ಆರ್ಡರ್‌ನಲ್ಲೇ (ಉಳಿದಿರೋ ಪ್ರಮಾಣಕ್ಕೆ ತಕ್ಕ ವೇಗದಲ್ಲಿ) ಒಡೆಯುತ್ತೆ ಅಂತಿಟ್ಕೊಳ್ಳಿ, ಹಾಗಾದ್ರೆ ಅರ್ಧ ಎಣ್ಣೆ ಉಳಿದಾಗ ವೇಗವೂ ಅರ್ಧಕ್ಕೆ ಬರಬೇಕು, ಆದ್ರೆ ಅದು ಕಾಲು ಭಾಗಕ್ಕೇ ಇಳಿದಿರುತ್ತೆ, ಯಾಕಂದ್ರೆ ಸುಲಭಕ್ಕೆ ಒಡೆಯೋವು ಮೊದಲೇ ಖಾಲಿಯಾಗಿ ಗಟ್ಟಿ ಪಿಂಡಗಳು ಉಳ್ಕೊಂಡಿರುತ್ವೆ. ಹಾಗಾಗಿ ಗ್ಯಾಸ್ ಆಯಿಲ್ ಲಂಪ್‌ಗೆ ಸೆಕೆಂಡ್ ಆರ್ಡರ್ (ಆ ಪ್ರಮಾಣದ ವರ್ಗಕ್ಕೆ ತಕ್ಕ ವೇಗ) ಹಾಕ್ಬೇಕಾಯ್ತು. ಗುಂಪಿನ ನಡವಳಿಕೆ ಗುಂಪಲ್ಲಿರೋ ಯಾರದ್ದೂ ಅಲ್ಲ!

ತೊಂದರೆ ಇದ್ದಿದ್ದೂ ಅಲ್ಲೇ. ಬೇರೆ ಕಚ್ಚಾ ತೈಲದಿಂದ ಬಂದ ಫೀಡ್ (ಕ್ರ್ಯಾಕರ್‌ಗೆ ಹಾಕೋ ಎಣ್ಣೆ) ಹಾಕಿದ್ರೆ ಗುಂಪಿನ ಒಳಗಿರೋರೇ ಬದಲಾಗ್ತಾರೆ, ರೇಟ್ ಕಾನ್‌ಸ್ಟೆಂಟ್‌ಗಳನ್ನ (ಸಮೀಕರಣದಲ್ಲಿ ವೇಗ ಹೇಳೋ ಸ್ಥಿರಾಂಕಗಳು) ಮತ್ತೆ ಮೊದಲಿಂದ ಹುಡುಕ್ಬೇಕು. 1976ರಲ್ಲಿ ವೀಕ್‌ಮನ್ ಮತ್ತು ಜೊತೆಯವರು ಹತ್ತು ಲಂಪ್ ಮಾಡಿದ್ರು, ಭಾರದ ಎಣ್ಣೆ ಹಗುರದ ಎಣ್ಣೆ ಎರಡನ್ನೂ ಪ್ಯಾರಾಫಿನ್ (ಸರಪಳಿ ಅಣು), ನ್ಯಾಫ್ತೀನ್ (ಉಂಗುರದ ಅಣು), ಅರೋಮ್ಯಾಟಿಕ್ ರಿಂಗ್ (ಬೆಂಜೀನ್ ಥರದ ಗಟ್ಟಿ ಉಂಗುರ), ಆ ರಿಂಗಿಗೆ ಅಂಟಿರೋ ಬಾಲ ಅಂತ ಬಿಡಿಸಿದ್ರು. ರಿಂಗ್ ಒಡೆದು ಪೆಟ್ರೋಲ್ ಆಗಲ್ಲ, ಬಾಲ ಕಳಚಿದ್ರೆ ಆಗುತ್ತೆ, ಈ ಒಂದು ವ್ಯತ್ಯಾಸಕ್ಕೇ ಮಾಡೆಲ್ ಎಷ್ಟೋ ಫೀಡ್‌ಗಳಿಗೆ ಒಗ್ಗಿಕೊಳ್ತು.

ಆಮೇಲಿನವರು ಅಣುವಿನ ಒಳಕ್ಕೇ ಇಳಿದ್ರು. 1992ರಲ್ಲಿ ಕ್ವಾನ್ ಮತ್ತು ಜಾಫಿ ಪ್ರತಿ ಅಣುವನ್ನೂ 22 ಬಗೆ ತುಣುಕುಗಳ ಎಣಿಕೆಯಾಗಿ ಬರೆಯೋ ವಿಧಾನ ಕೊಟ್ರು. ಬೆಲ್ಜಿಯಂನ ಗೆಂಟ್‌ನಲ್ಲಿ ಫ್ರೋಮಾಂ ತಂಡ ಕಾರ್ಬೀನಿಯಂ ಅಯಾನಿನ (ಒಡೆಯೋವಾಗ ನಡುವೆ ಹುಟ್ಟೋ ಧನ ಆವೇಶದ ಕಣ) ಒಂದೊಂದೇ ಹೆಜ್ಜೆ ಹಿಡಿದು ಸಿಂಗಲ್ ಈವೆಂಟ್ ಮಾಡೆಲ್ ಕಟ್ತು, ಇಲ್ಲಿ ಕಾನ್‌ಸ್ಟೆಂಟ್ ಫೀಡ್‌ಗೆ ಅಂಟಿಕೊಂಡಿರಲ್ಲ, ಕ್ಯಾಟಲಿಸ್ಟ್ ಬದಲಾದ್ರೆ ಮಾತ್ರ ಬದಲಾಗುತ್ತೆ. ನನ್ನ ಪ್ರಕಾರ ಇಡೀ ಕ್ಷೇತ್ರಕ್ಕೆ ಬೇಕಾಗಿದ್ದೇ ಇದು. ಆದ್ರೆ ಸಾವಿರಾರು ಸಮೀಕರಣ ಬಿಡಿಸೋಕೆ, ಫೀಡ್‌ನಲ್ಲಿ ಏನಿದೆ ಅಂತ ಅಷ್ಟೇ ಸೂಕ್ಷ್ಮವಾಗಿ ತಿಳಿಯೋಕೆ ಟೈಮ್ ಬೇಕು, ಅದಕ್ಕೇ ಕಂಟ್ರೋಲ್ ಕೆಲಸಕ್ಕೆ, ಥಟ್ ಅಂತ ಉತ್ತರ ಬೇಕಾದ ಕಡೆ, ಇವತ್ತಿಗೂ ನಾಲ್ಕೈದು ಲಂಪ್‌ನ ಮಾಡೆಲ್‌ಗಳೇ ಓಡ್ತಿವೆ.