ಮಗು ಉಚ್ಚೆ ಮಾಡ್ತಿಲ್ಲ, ಎರಡು ಚಮಚ ಸೀಯಾಳ ಹಾಕಲಾ?

ಪ್ರಶ್ನೆ: "ಮಗು ಹುಟ್ಟಿದ ಕೂಡಲೇ ಅಳಲಿಲ್ಲ, ಆಮ್ಲಜನಕ ಕಮ್ಮಿಯಾಗಿತ್ತಂತೆ. ಈಗ ಉಸಿರಾಟ ಪರವಾಗಿಲ್ಲ, ಆದರೆ ಕಿಡ್ನಿಗೆ ಪೆಟ್ಟಾಗಿದೆ ಅಂತಾರೆ. ಉಚ್ಚೆ ಕಮ್ಮಿ. ಹಾಲೂ ಅಳೆದೇ ಕೊಡ್ತಾರೆ. ಸ್ವಲ್ಪ ನೀರೋ ಸೀಯಾಳವೋ ಕುಡಿಸಿದರೆ ಉಚ್ಚೆ ಬರಲ್ವಾ?"

ಬರಲ್ಲ.

ಎಳೆ ಮಕ್ಕಳ ವಾರ್ಡಿನಲ್ಲಿ ಕೆಲಸ ಮಾಡುವ ನನಗೆ ಈ ಪ್ರಶ್ನೆ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. ಕುಮಟಾದವರು ಕೇಳಿದ್ದಾರೆ, ಶಿರಸಿಯವರು ಕೇಳಿದ್ದಾರೆ, ನಮ್ಮ ಅತ್ತೆಯೂ ಕೇಳಿದ್ದಾರೆ. ಒಮ್ಮೆ ಬರೆದೇ ಬಿಡೋಣ ಅಂತ ಕೂತೆ.

ಮೊದಲು ಉಸಿರಿಗೂ ಕಿಡ್ನಿಗೂ ಏನು ಸಂಬಂಧ ಅನ್ನೋದು. ಆಮ್ಲಜನಕ ಸಾಲದಾದಾಗ ಮಗುವಿನ ದೇಹ ತಾನೇ ಒಂದು ತೀರ್ಮಾನ ಮಾಡುತ್ತದೆ: ಇರುವ ರಕ್ತ ಮೊದಲು ಮೆದುಳಿಗೆ, ಹೃದಯಕ್ಕೆ. ಕರುಳು, ಚರ್ಮ, ಕಿಡ್ನಿ ಎಲ್ಲ ಕಾಯಬೇಕು. ಆದರೆ ಕಿಡ್ನಿಯೊಳಗಿನ ಸಣ್ಣ ನಳಿಕೆಗಳು ಬಿಡುವಿಲ್ಲದೆ ದುಡಿಯುವಂಥವು, ಅವಕ್ಕೆ ಹೆಚ್ಚು ಹೊತ್ತು ಕಾಯಲು ಆಗುವುದಿಲ್ಲ. ಒಳಗಿನ ಜೀವಕೋಶಗಳು ಸತ್ತು ಕಳಚಿ ನಳಿಕೆಯಲ್ಲೇ ಕಟ್ಟಿಕೊಳ್ಳುತ್ತವೆ. ಮಗು ಅತ್ತಿತು, ಮೈ ಬಣ್ಣ ತಿರುಗಿತು, ಎಲ್ಲರಿಗೂ ಸಮಾಧಾನವಾಯಿತು, ಆದರೆ ಕಿಡ್ನಿಗೆ ಬಿದ್ದ ಪೆಟ್ಟು ಗೊತ್ತಾಗುವುದು ಒಂದೆರಡು ದಿನ ಕಳೆದ ಮೇಲೆ.

ಈಗ ನೀರಿನ ವಿಷಯ. ಈ ನಂಬಿಕೆ ಎಲ್ಲಿಂದ ಬಂತು ಅಂತ ನನಗೂ ಗೊತ್ತು. ದೊಡ್ಡವರಿಗೆ ಉರಿಮೂತ್ರ ಆದರೆ ಸೀಯಾಳ ಕುಡಿ ಅಂತೇವೆ, ಕಲ್ಲಿದ್ದರೆ ನೀರು ಜಾಸ್ತಿ ಕುಡಿ ಅಂತೇವೆ. ಅಲ್ಲಿ ಕಿಡ್ನಿ ಕೆಲಸ ಮಾಡುತ್ತಿದೆ, ನೀರು ಸಾಲದು. ಇಲ್ಲಿ ನೀರಿದೆ, ಹೊರಹಾಕುವವರೇ ಮಲಗಿದ್ದಾರೆ. ಅಘನಾಶಿನಿ ಹೊಳೆ ದಂಡೆಯ ಗಜನಿ ಗದ್ದೆ, ಅಂದರೆ ಕಟ್ಟೆಯ ಬಾಗಿಲಿನಿಂದ ನೀರು ಒಳಗೆ ಹೊರಗೆ ಬಿಡುವ ಗದ್ದೆ, ನೋಡಿದವರಿಗೆ ಇದನ್ನು ಹೇಳುವುದು ಸುಲಭ. ನೀರು ಹೊರಗೆ ಹೋಗುವ ಬಾಗಿಲು ಕೆಟ್ಟು ಕೂತಿದೆ ಅಂದುಕೊಳ್ಳಿ. ಮೇಲಿಂದ ಇನ್ನಷ್ಟು ನೀರು ಬಿಟ್ಟರೆ ಬಾಗಿಲು ರಿಪೇರಿ ಆಗುತ್ತಾ? ಗದ್ದೆ ಮುಳುಗುತ್ತದೆ, ಅಷ್ಟೆ. ಮಗುವಿಗಾದರೆ ಮೈ ಊದುತ್ತದೆ, ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರಾಟ ಮತ್ತೆ ಕಷ್ಟವಾಗುತ್ತದೆ, ರಕ್ತದಲ್ಲಿ ಸೋಡಿಯಂ ತೀರಾ ಇಳಿದು ಫಿಟ್ಸ್ ಬರಬಹುದು.

ಸೀಯಾಳವಂತೂ ಇನ್ನೂ ಕೆಟ್ಟದ್ದು. ಹೌದು, ಕೆಟ್ಟದ್ದು ಅಂತಲೇ ಬರೆದೆ. 100 ಮಿ.ಲೀ. ಸೀಯಾಳದಲ್ಲಿ ಸುಮಾರು 250 ಮಿ.ಗ್ರಾಂ ಪೊಟ್ಯಾಸಿಯಂ ಇರುತ್ತದೆ, ಅಷ್ಟೇ ತಾಯಿ ಹಾಲಿನಲ್ಲಿ 50ರ ಆಸುಪಾಸು. ಪೊಟ್ಯಾಸಿಯಂ ಹೊರಹಾಕುವ ಕೆಲಸ ಮುಖ್ಯವಾಗಿ ಕಿಡ್ನಿಯದ್ದೇ. ಅದು ರಕ್ತದಲ್ಲಿ ಏರಿದರೆ ಹೃದಯದ ಬಡಿತ ತಪ್ಪುತ್ತದೆ, ನಿಲ್ಲಲೂಬಹುದು. ಇಂಥ ಮಗುವಿಗೆ ಉಚ್ಚೆ ಸರಿಯಾಗಿ ಬರುವ ತನಕ ಡ್ರಿಪ್ಪಿಗೂ ಪೊಟ್ಯಾಸಿಯಂ ಸೇರಿಸುವುದಿಲ್ಲ.

ಒಬ್ಬ ಅಜ್ಜಿ ಸೆರಗಿನಡಿ ಪುಟ್ಟ ಸ್ಟೀಲ್ ಡಬ್ಬಿ ಹಿಡಿದು ಬಂದಿದ್ದರು. ಒಳಗೆ ಸೀಯಾಳ, ಅದ್ದಿ ನಾಲಿಗೆಗೆ ಒತ್ತಲು ಒಂದು ಹತ್ತಿ ಬತ್ತಿ. "ತಂಪು ಮಗಾ, ಏನೂ ಆಗೂದಿಲ್ಲ" ಅಂದರು. ಬೈಯಲು ಮನಸ್ಸಾಗಲಿಲ್ಲ. ಡಬ್ಬಿ ಇಸಕೊಂಡೆ, ಡ್ಯೂಟಿ ಮುಗಿದ ಮೇಲೆ ನಾನೇ ಕುಡಿದೆ. ಚೆನ್ನಾಗಿತ್ತು.

ಸಕ್ಕರೆ ನೀರು, ಜೇನು, ಬಜೆ, ಗ್ರೈಪ್ ವಾಟರ್ ಯಾವುದೂ ಬೇಡ. ಮಗುವಿನ ಬಿಪಿ ಬಿದ್ದಿದ್ದರೆ ಡಾಕ್ಟರೇ ಸಲೈನ್ ಕೊಡುತ್ತಾರೆ, ಅದು ಲೆಕ್ಕ ಹಾಕಿ ಕೊಡುವಂಥದ್ದು.

ಲೆಕ್ಕ ಅಂದರೆ ನಿಜವಾಗಿಯೂ ಲೆಕ್ಕ. ಒಣ ಡೈಪರ್ ತೂಗಿ ಬರೆದಿಡುತ್ತೇವೆ, ಒದ್ದೆಯಾದ ಮೇಲೆ ಮತ್ತೆ ತೂಗುತ್ತೇವೆ. 1 ಗ್ರಾಂ ಜಾಸ್ತಿಯಾದರೆ 1 ಮಿ.ಲೀ. ಉಚ್ಚೆ. ಒಂದು ಕೆ.ಜಿ. ತೂಕಕ್ಕೆ ಗಂಟೆಗೆ 1 ಮಿ.ಲೀ. ಆದರೂ ಬರಬೇಕು, ಅಂದರೆ 3 ಕೆ.ಜಿ. ಮಗುವಿಗೆ ದಿನಕ್ಕೆ 72 ಮಿ.ಲೀ. ಅದಕ್ಕಿಂತ ಕಮ್ಮಿಯಾದರೆ ನಮಗೆ ಚಿಂತೆ. ಹೋದ ಉಚ್ಚೆ ಎಷ್ಟು, ಚರ್ಮದಿಂದ ಉಸಿರಿನಿಂದ ಆರಿ ಹೋಗುವುದು ಎಷ್ಟು ಅಂತ ಕೂಡಿಸಿ ಅಷ್ಟೇ ಒಳಗೆ ಕೊಡುತ್ತಾರೆ. ಹಾಲು ಅಳೆದು ಕೊಡುವುದು ಇದಕ್ಕೇ, ಜಿಪುಣತನಕ್ಕಲ್ಲ.

ಇನ್ನೊಂದು ಜಗಳ ಆಗಾಗ ಆಗುತ್ತದೆ, ಕ್ರಿಯಾಟಿನಿನ್ ಬಗ್ಗೆ. ಅದು ರಕ್ತದಲ್ಲಿರುವ, ಕಿಡ್ನಿ ಸೋಸಿ ಹೊರಹಾಕಬೇಕಾದ ಒಂದು ಕಸ. "ಮೊದಲ ದಿನ ಕ್ರಿಯಾಟಿನಿನ್ ಸರಿ ಇತ್ತು, ಮೂರನೇ ದಿನ ಜಾಸ್ತಿ, ನೀವೇ ಏನೋ ಕೆಡಿಸಿದಿರಿ" ಅಂತ. ಮೊದಲ ದಿನದ್ದು ಮಗುವಿನ ಲೆಕ್ಕವೇ ಅಲ್ಲ, ಹೆಚ್ಚುಕಮ್ಮಿ ತಾಯಿಯದ್ದು, ಹೊಕ್ಕುಳಬಳ್ಳಿಯಿಂದ ಬಂದದ್ದು! ಆರೋಗ್ಯವಾಗಿರುವ ಮಗುವಿನಲ್ಲಿ ಅದು ದಿನೇದಿನೇ ಇಳಿಯಬೇಕು. ಇಳಿಯದೆ ನಿಂತರೆ ಅನುಮಾನ, 48 ಗಂಟೆಯೊಳಗೆ 100 ಮಿ.ಲೀ. ರಕ್ತಕ್ಕೆ 0.3 ಮಿ.ಗ್ರಾಂ ಏರಿದರೆ ಕಿಡ್ನಿಗೆ ಪೆಟ್ಟು ಅಂತಲೇ ಹಿಡಿಯುತ್ತಾರೆ. ಕೆಲವು ಮಕ್ಕಳಿಗೆ ಉಚ್ಚೆ ಚೆನ್ನಾಗೇ ಬರುತ್ತಿದ್ದರೂ ಒಳಗೆ ಪೆಟ್ಟಾಗಿರುತ್ತದೆ, ಅದಕ್ಕೇ ಪದೇಪದೇ ರಕ್ತ ತೆಗೆಯುವುದು.

ಪೆಟ್ಟು ಸಣ್ಣದಿದ್ದರೆ ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಕಿಡ್ನಿ ಚೇತರಿಸಿಕೊಳ್ಳುತ್ತದೆ. ತೀರಾ ಜೋರಾದರೆ ಹೊಟ್ಟೆಯ ಮೂಲಕ ಡಯಾಲಿಸಿಸ್ ಬೇಕಾಗಬಹುದು, ಆಗ ದೊಡ್ಡ ಆಸ್ಪತ್ರೆಗೇ ಹೋಗಬೇಕು. ಮಣಿಪಾಲ, ಹುಬ್ಬಳ್ಳಿ ದಾರಿ ನಮ್ಮ ಜಿಲ್ಲೆಯವರಿಗೆ ಹೇಳಿಕೊಡಬೇಕಾಗಿಲ್ಲ. ಮನೆಗೆ ಹೋದ ಮೇಲೂ ಬಿಪಿ, ಉಚ್ಚೆಯಲ್ಲಿ ಪ್ರೋಟೀನ್ ನೋಡಿಸುತ್ತಿರಿ. ಕಿಡ್ನಿಯ ಸೋಸುವ ಘಟಕಗಳು 36 ವಾರದ ಹೊತ್ತಿಗೆ ಹೊಟ್ಟೆಯೊಳಗೇ ತಯಾರಾಗಿ ಮುಗಿದಿರುತ್ತವೆ, ಹೋದದ್ದಕ್ಕೆ ಬದಲಿ ಹುಟ್ಟುವುದಿಲ್ಲ.

ಯಾರೂ ಕೇಳಲಿಲ್ಲ, ಆದರೂ ಒಂದು ಹೇಳಿಬಿಡುತ್ತೇನೆ. ಏನೂ ತೊಂದರೆಯಿಲ್ಲದ ಮಗುವಿನ ಬಟ್ಟೆಯಲ್ಲೂ ಎರಡನೇ ಮೂರನೇ ದಿನ ಚಿರೆಕಲ್ಲಿನ ಪುಡಿ ಉದುರಿದ ಹಾಗೆ ಕೆಂಪು ಕಲೆ ಕಾಣಬಹುದು. ಅದು ರಕ್ತವಲ್ಲ, ಯೂರಿಕ್ ಆಮ್ಲದ ಹರಳು. ತಾಯಿಗೆ ಹಾಲು ಚೆನ್ನಾಗಿ ಇಳಿದ ಮೇಲೆ ಹೋಗುತ್ತದೆ. ಐದು ದಿನವಾದರೂ ಹೋಗದಿದ್ದರೆ ಮಗುವಿಗೆ ಹಾಲು ಸಾಲುತ್ತಿಲ್ಲವೇನೋ, ತೋರಿಸಿ. ಹುಟ್ಟುವಾಗ ಉಸಿರು ಕಟ್ಟಿದ ಮಗುವಾದರೆ ಮಾತ್ರ ಒಂದು ದಿನವೂ ಕಾಯಬೇಡಿ, ಅದು ನಿಜವಾದ ರಕ್ತವೂ ಆಗಿರಬಹುದು. ಬಟ್ಟೆ ತೊಳೆಯಲು ಹೋಗಬೇಡಿ. ಹಾಗೇ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ತನ್ನಿ, ನಮಗೇನೂ ಅಸಹ್ಯವಿಲ್ಲ.