ಕೊಡೆ ಬಿಡಿಸಿದರೆ ಫುಟ್‌ಪಾತ್ ಸಾಲದು

ಮಂಗಳೂರಿನಲ್ಲಿ ಫುಟ್‌ಪಾತಿನ ಮಾತು ಎಲ್ಲೇ ಏಳಲಿ, ಪಾಲಿಕೆ ಸಭೆಯಲ್ಲಿ, ಪೊಲೀಸರ ಫೋನ್-ಇನ್ ಕಾರ್ಯಕ್ರಮದಲ್ಲಿ, ಸ್ಟೇಟ್‌ಬ್ಯಾಂಕ್ ಬಸ್‌ನಿಲ್ದಾಣದಲ್ಲಿ ಬಸ್ಸಿಗೆ ಕಾಯುವವರ ನಡುವೆ, ಸ್ವಲ್ಪ ಹೊತ್ತಿನಲ್ಲಿ ಒಂದು ವಾಕ್ಯ ಬಂದೇ ಬರುತ್ತದೆ: "ಫುಟ್‌ಪಾತ್ ಮಾಡಿಕೊಟ್ಟರೂ ನಮ್ಮ ಜನ ನಡೆಯುವುದು ರಸ್ತೆಯಲ್ಲೇ ಮಾರಾಯ್ರೇ." ಹೇಳುವವರು ಹೆಚ್ಚಾಗಿ ವಾಹನ ಓಡಿಸುವವರು. ವಿಚಿತ್ರವೆಂದರೆ, ದಿನಾ ನಡೆಯುವವರೂ ಅದಕ್ಕೆ ತಲೆಯಾಡಿಸುತ್ತಾರೆ, ತಮ್ಮದೇ ತಪ್ಪು ಎಂಬಂತೆ.

ಜನ ರಸ್ತೆಗೆ ಇಳಿಯುವುದು ನಿಜ. ಅದಕ್ಕೆ ಶಿಸ್ತಿಲ್ಲದಿರುವುದೇ ಕಾರಣ ಎನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ನಡೆಯುವ ಮನುಷ್ಯನ ಮಂಡಿ, ಪಾದ, ಕಣ್ಣು ಮೂರೂ ಸೇರಿ ಹೆಜ್ಜೆಹೆಜ್ಜೆಗೂ ಲೆಕ್ಕ ಹಾಕುತ್ತಿರುತ್ತವೆ. ನಮ್ಮ ಊರಿನ ಬಹಳಷ್ಟು ಫುಟ್‌ಪಾತುಗಳು ಆ ಲೆಕ್ಕದಲ್ಲಿ ರಸ್ತೆಗಿಂತ ದುಬಾರಿ ಬೀಳುತ್ತವೆ.

ಮೊದಲು ಮಂಡಿಯ ಲೆಕ್ಕ. ಬರ್ಲಿನ್ನಿನ ಸಂಶೋಧಕರು ಮಂಡಿ ಬದಲಿ ಶಸ್ತ್ರಚಿಕಿತ್ಸೆಯಾದ ಕೆಲವರ ಕೃತಕ ಕೀಲಿನೊಳಗೇ ಪುಟ್ಟ ಅಳತೆಯಂತ್ರ ಇಟ್ಟು, ಓಡಾಡುವಾಗ ಕೀಲಿನ ಮೇಲೆ ಎಷ್ಟು ಭಾರ ಬೀಳುತ್ತದೆಂದು ನೋಡಿದರು. 2010ರಲ್ಲಿ ಪ್ರಕಟವಾದ ಆ ಅಳತೆಯಂತೆ, ಸಮತಟ್ಟಾದ ನೆಲದಲ್ಲಿ ನಡೆಯುವಾಗ ಮಂಡಿಯ ಮೇಲೆ ದೇಹದ ತೂಕದ ಎರಡೂವರೆ ಪಟ್ಟಿಗಿಂತ ತುಸು ಹೆಚ್ಚು ಭಾರ. ಮೆಟ್ಟಿಲು ಹತ್ತುವಾಗ ಮೂರು ಪಟ್ಟು ಮೀರುತ್ತದೆ. ಇಳಿಯುವಾಗ ಅದಕ್ಕಿಂತಲೂ ಹೆಚ್ಚು, ಸುಮಾರು ಮೂರೂವರೆ ಪಟ್ಟು. ಮಂಡಿನೋವಿನವರು ಹತ್ತುವುದಕ್ಕಿಂತ ಇಳಿಯುವುದಕ್ಕೆ ಯಾಕೆ ಹೆಚ್ಚು ಹೆದರುತ್ತಾರೆ ಎನ್ನುವುದು ಇಲ್ಲಿ ತಿಳಿಯುತ್ತದೆ.

ಈಗ ನಮ್ಮ ಊರಿನ ನೆಲ ನೋಡಿ. ಮಂಗಳೂರು ಗುಡ್ಡ ಮತ್ತು ತಗ್ಗುಗಳ ಊರು. ಬಲ್ಮಠ, ಕದ್ರಿ, ಬಿಜೈ ಕಡೆ ರಸ್ತೆಯೇ ಏರಿಳಿಯುತ್ತದೆ. ಪಕ್ಕದ ಮನೆ, ಅಂಗಡಿ, ಆಸ್ಪತ್ರೆಗಳ ಅಂಗಳ ಒಂದೊಂದು ಒಂದೊಂದು ಮಟ್ಟದಲ್ಲಿದೆ. ಡಾಂಬರಿನ ಮೇಲೆ ಕಾಂಕ್ರೀಟ್ ಬಂದು ರಸ್ತೆ ಎತ್ತರವಾದ ಕಡೆ ಫುಟ್‌ಪಾತನ್ನೂ ಎತ್ತರಿಸಿದ್ದಾರೆ. ಆಮೇಲೆ ಪ್ರತಿ ಗೇಟಿನ ಮುಂದೆ ಕಾರು ಒಳಗೆ ಹೋಗಬೇಕೆಂದು ಅದನ್ನು ಕತ್ತರಿಸಿ ಇಳಿಸಿದ್ದಾರೆ. ಹಾಗಾಗಿ ಒಂದು ಗೇಟಿನಿಂದ ಇನ್ನೊಂದು ಗೇಟಿಗೆ ಹೋಗುವಷ್ಟರಲ್ಲಿ ಒಮ್ಮೆ ಹತ್ತಿ ಒಮ್ಮೆ ಇಳಿಯಬೇಕು. ರಸ್ತೆಗಳ ಮಾನದಂಡ ಬರೆಯುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಪಾದಚಾರಿ ಸೌಕರ್ಯಗಳಿಗೆಂದೇ ಬರೆದ ಮಾರ್ಗಸೂಚಿ ಇದೆ. 2012ರ ಪರಿಷ್ಕೃತ ಆವೃತ್ತಿಯ ಪ್ರಕಾರ ಫುಟ್‌ಪಾತಿನ ಅಂಚು 15 ಸೆಂಟಿಮೀಟರಿಗಿಂತ ಎತ್ತರ ಇರಬಾರದು. ನಮ್ಮಲ್ಲಿ ಮಂಡಿಯ ಅರ್ಧದವರೆಗೆ ಬರುವ ಅಂಚುಗಳಿವೆ. ವೆನ್ಲಾಕ್ ಆಸ್ಪತ್ರೆಗೆ ಚಿಕಿತ್ಸೆಗೆ ಬಂದ ಅರುವತ್ತೈದರ ಅಜ್ಜಿ ಅಂಥ ಅಂಚನ್ನು ಒಂದು ಬಾರಿ ಹತ್ತಬಹುದು, ಎರಡನೇ ಬಾರಿ ಗೋಡೆ ಹಿಡಿದು ಹತ್ತಬಹುದು. ನಾಲ್ಕನೆಯ ಗೇಟಿನ ಹತ್ತಿರ ಅವರು ರಸ್ತೆಗೆ ಇಳಿದೇ ಬಿಡುತ್ತಾರೆ, ಮತ್ತೆ ಹತ್ತುವುದಿಲ್ಲ. ಅವರ ಮಂಡಿ ಮಾಡಿದ ತೀರ್ಮಾನ ಸರಿಯಾಗಿಯೇ ಇದೆ.

ಇದನ್ನು ಸರಿಮಾಡುವ ವಿಧಾನವೂ ಗೊತ್ತಿರುವಂಥದ್ದೇ. ಗೇಟಿನ ಮುಂದೆ ಫುಟ್‌ಪಾತ್ ಇಳಿಯಬಾರದು. ಅದು ಒಂದೇ ಮಟ್ಟದಲ್ಲಿ ಸಾಗಬೇಕು, ಕಾರು ರಸ್ತೆಯ ಅಂಚಿನ ಚಿಕ್ಕ ಇಳಿಜಾರಿನಲ್ಲಿ ಹತ್ತಿ ಅದನ್ನು ದಾಟಬೇಕು. ಎಂಜಿನ್ ಇರುವ ಕಾರಿಗೆ ಆ ಏರು ಲೆಕ್ಕಕ್ಕಿಲ್ಲ. ಕಾರು ನಿಧಾನವಾಗುತ್ತದೆ ಎಂಬುದು ಇನ್ನೊಂದು ಲಾಭ.

ಎರಡನೆಯದು ಕಣ್ಣಿನ ಲೆಕ್ಕ. ನನಗೆ ಇದು ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ, ಚರ್ಚೆಗಳಲ್ಲಿ ಇದರ ಸುದ್ದಿಯೇ ಬರುವುದಿಲ್ಲ. ಟೆಕ್ಸಾಸ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಣ್ಣಿನ ಚಲನೆ ಅಳೆಯುವ ಉಪಕರಣ ತೊಡಿಸಿ ಜನರನ್ನು ಬೇರೆ ಬೇರೆ ನೆಲದ ಮೇಲೆ ನಡೆಸಿದರು. ಸಮನೆಲದಲ್ಲಿ ನಡೆಯುವಾಗ ಜನ ನೆಲ ನೋಡುವುದು ಕಡಿಮೆ. ಕಲ್ಲುಕೊರಕಲಿನಲ್ಲಿ ಕಣ್ಣು ಹೆಚ್ಚುಕಡಿಮೆ ಪೂರ್ತಿ ನೆಲಕ್ಕೇ ಅಂಟಿಕೊಳ್ಳುತ್ತದೆ, ಮುಂದಿನ ಎರಡು ಮೂರು ಹೆಜ್ಜೆಗಳನ್ನು ಒಂದೂವರೆ ಸೆಕೆಂಡು ಮುಂಚಿತವಾಗಿ ಹುಡುಕುತ್ತದೆ. ಅಷ್ಟು ಮಾಹಿತಿ ಸಿಗಬೇಕೆಂದು ನಡಿಗೆ ತಾನಾಗಿ ನಿಧಾನವಾಗುತ್ತದೆ.

ನಮ್ಮ ಫುಟ್‌ಪಾತ್ ಎಂದರೆ ಬಹುತೇಕ ಮಳೆನೀರಿನ ಚರಂಡಿಯ ಮೇಲೆ ಮುಚ್ಚಿದ ಸ್ಲ್ಯಾಬು. ಒಂದು ಸ್ಲ್ಯಾಬಿನ ಮೂಲೆ ಮುರಿದು ಕಬ್ಬಿಣ ಹೊರಬಂದಿರುತ್ತದೆ, ಇನ್ನೊಂದು ಕಾಲಿಟ್ಟ ಕೂಡಲೇ ಟಕ್ಕೆಂದು ವಾಲುತ್ತದೆ, ಎರಡರ ನಡುವೆ ಮಗುವಿನ ಪಾದ ಸಿಕ್ಕಿಕೊಳ್ಳುವಷ್ಟು ಸಂದು. ಅದರ ಮೇಲೆ ನಡೆಯುವವರ ಕಣ್ಣು ನೆಲ ಬಿಟ್ಟು ಏಳುವಂತಿಲ್ಲ. ಎದುರಿನಿಂದ ಬರುವ ಬಸ್ಸು, ಗೇಟಿನಿಂದ ಹಿಂದಕ್ಕೆ ಬರುತ್ತಿರುವ ಕಾರು, ಫುಟ್‌ಪಾತಿಗೇ ಹತ್ತಿದ ಸ್ಕೂಟರು ಯಾವುದನ್ನೂ ನೋಡಲು ಕಣ್ಣಿಗೆ ಬಿಡುವಿಲ್ಲ. ಜೂನ್ ಬಂತೆಂದರೆ ನೆಲವೂ ಕಾಣುವುದಿಲ್ಲ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರು ನಮ್ಮದು, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಚರಂಡಿ ತುಂಬಿ ಕೆಂಪು ನೀರು ಸ್ಲ್ಯಾಬಿನ ಮೇಲೆ ಹರಿಯುವಾಗ ಯಾವುದು ಸ್ಲ್ಯಾಬು, ಯಾವುದು ಬಾಯಿ ತೆರೆದ ಚರಂಡಿ ಎಂದು ಹೇಳುವವರಾರು? ರಸ್ತೆಯ ಅಡಿ ಗಟ್ಟಿ ಇದೆ ಎಂಬುದಾದರೂ ಖಾತ್ರಿ. ಜನ ಆ ಖಾತ್ರಿಯನ್ನು ಆರಿಸಿಕೊಳ್ಳುತ್ತಾರೆ.

ಅಗಲದ ವಿಷಯಕ್ಕೂ ಮಳೆ ಬಂದು ಸೇರುತ್ತದೆ. ಅದೇ ಮಾರ್ಗಸೂಚಿಯಲ್ಲಿ ವಸತಿ ಪ್ರದೇಶದ ಫುಟ್‌ಪಾತಿಗೆ ಕನಿಷ್ಠ 1.8 ಮೀಟರ್ ಅಡ್ಡಿಯಿಲ್ಲದ ಅಗಲ, 2.2 ಮೀಟರ್ ಅಡ್ಡಿಯಿಲ್ಲದ ಎತ್ತರ ಇರಬೇಕೆಂದಿದೆ. ಅಂಗಡಿ ಸಾಲಿನಲ್ಲಿ 2.5 ಮೀಟರ್. ಎರಡು ಗಾಲಿಕುರ್ಚಿಗಳು ಎದುರಾದರೆ ದಾಟಿಹೋಗುವಷ್ಟು ಜಾಗ 1.8 ಮೀಟರಿನಲ್ಲಿದೆ. ಆದರೆ ಕೊಡೆಗೆ ಒಂದು ಮೀಟರ್ ಹತ್ತಿರ ಅಗಲ ಬೇಕು. ಕೊಡೆ ಹಿಡಿದ ಇಬ್ಬರು ಎದುರುಬದುರಾದರೆ ಎರಡು ಮೀಟರ್. ಒಬ್ಬರು ಕೊಡೆ ಎತ್ತಬೇಕು, ಇನ್ನೊಬ್ಬರು ಬಗ್ಗಿಸಬೇಕು, ಇಲ್ಲವೇ ಒಬ್ಬರು ಕೆಳಗಿಳಿಯಬೇಕು. ಎತ್ತುವುದಕ್ಕೂ ಆಗದಂತೆ ತಲೆಯ ಮಟ್ಟದಲ್ಲಿ ಅಂಗಡಿಯ ಶೀಟು, ಬೋರ್ಡು ಚಾಚಿಕೊಂಡಿರುತ್ತವೆ. ವರ್ಷದಲ್ಲಿ ನಾಲ್ಕು ತಿಂಗಳು ಕೊಡೆ ಹಿಡಿದೇ ಓಡಾಡುವ ಕರಾವಳಿಗೆ ದೇಶಕ್ಕೆಲ್ಲ ಬರೆದ ಕನಿಷ್ಠ ಅಳತೆ ಸಾಲದು. ಹಂಪನಕಟ್ಟೆಯಂಥ ಜಾಗದಲ್ಲಿ ಆ ಕನಿಷ್ಠವೂ ಎಲ್ಲ ಕಡೆ ಇಲ್ಲ, ಇದ್ದ ಕಡೆ ನಡುವಿನಲ್ಲಿ ಟ್ರಾನ್ಸ್‌ಫಾರ್ಮರ್ ಅಥವಾ ಕಂಬ ನಿಂತಿರುತ್ತದೆ.

ಇಳಿದವರಿಗೆ ರಸ್ತೆಯಲ್ಲಿ ಏನು ಕಾದಿದೆ ಎಂಬುದು ವೇಗದ ಮೇಲೆ ನಿಂತಿದೆ. ಗಂಟೆಗೆ 30 ಕಿಲೋಮೀಟರ್ ವೇಗದ ಕಾರಿನ ಚಾಲಕ ಮಗುವನ್ನು ಕಂಡು ಬ್ರೇಕ್ ಒತ್ತಲು ಒಂದು ಸೆಕೆಂಡು ತೆಗೆದುಕೊಂಡರೆ, ಅಷ್ಟರಲ್ಲಿ ಕಾರು 8 ಮೀಟರಿಗಿಂತ ಹೆಚ್ಚು ಹೋಗಿರುತ್ತದೆ. ಒಣರಸ್ತೆಯಲ್ಲಿ ಪೂರ್ತಿ ನಿಲ್ಲಲು ಇನ್ನೂ ಸುಮಾರು 5 ಮೀಟರ್. ಒಟ್ಟು 13 ಮೀಟರ್ ಚಿಲ್ಲರೆ. ಅದೇ ಕಾರು 50ರ ವೇಗದಲ್ಲಿದ್ದರೆ ಆ ಒಂದು ಸೆಕೆಂಡಿನಲ್ಲೇ ಸುಮಾರು 14 ಮೀಟರ್ ದಾಟಿರುತ್ತದೆ. ಎಂದರೆ 30ರ ಕಾರು ನಿಂತ ಜಾಗದಲ್ಲಿ 50ರ ಕಾರು ಇನ್ನೂ ಬ್ರೇಕ್ ಹಿಡಿದೇ ಇಲ್ಲ, ಪೂರ್ತಿ ವೇಗದಲ್ಲಿದೆ. ಮಳೆಯಲ್ಲಿ ಟಯರಿನ ಹಿಡಿತ ತಗ್ಗಿದಾಗ ಆ 50ರ ಕಾರಿಗೆ ನಿಲ್ಲಲು 35–40 ಮೀಟರ್ ಬೇಕಾಗಬಹುದು.

ಢಿಕ್ಕಿಯ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ ಎಂದು ಹೈಸ್ಕೂಲಿನಲ್ಲಿ ಓದಿದ್ದೇವೆ. ಮನುಷ್ಯನ ದೇಹದಲ್ಲಿ ಅದರ ಪರಿಣಾಮ ಏನೆಂದು ಅಮೆರಿಕದ ಅಪಘಾತ ದಾಖಲೆಗಳನ್ನು ಆಧರಿಸಿ 2011ರಲ್ಲಿ ಲೆಕ್ಕ ಹಾಕಿದರು. ಸುಮಾರು 37 ಕಿಲೋಮೀಟರ್ ವೇಗದ ಕಾರು ಗುದ್ದಿದರೆ ಹತ್ತರಲ್ಲಿ ಒಬ್ಬರು ಸಾಯುತ್ತಾರೆ. 51ರಲ್ಲಿ ನಾಲ್ವರಲ್ಲಿ ಒಬ್ಬರು. 68ರಲ್ಲಿ ಇಬ್ಬರಲ್ಲಿ ಒಬ್ಬರು. ವಯಸ್ಸಾದವರಿಗೆ ಇದೂ ಅನ್ವಯಿಸುವುದಿಲ್ಲ: ಎಪ್ಪತ್ತರವರಿಗೆ 40ರ ಢಿಕ್ಕಿಯೆಂದರೆ ಮೂವತ್ತರವರಿಗೆ 56ರ ಢಿಕ್ಕಿಯಷ್ಟೇ ಅಪಾಯಕಾರಿ. ಮೊದಲೇ ಫುಟ್‌ಪಾತ್ ಹತ್ತಲಾರದೆ ರಸ್ತೆಗಿಳಿದವರು ಅವರೇ ಎಂಬುದನ್ನು ಮರೆಯಬಾರದು. ರಸ್ತೆ ದಾಟುವಾಗಲೂ ಹೀಗೆಯೇ. ಪಾದಚಾರಿ ಸೆಕೆಂಡಿಗೆ 1.2 ಮೀಟರ್ ನಡೆಯುತ್ತಾರೆ ಎಂಬ ಲೆಕ್ಕದಲ್ಲಿ ಸಿಗ್ನಲಿನ ಸಮಯ ಹೊಂದಿಸುತ್ತಾರೆ. ಇಂಗ್ಲೆಂಡಿನಲ್ಲಿ 65 ದಾಟಿದವರನ್ನು ಅಳೆದು ನೋಡಿದಾಗ ಅವರ ಸರಾಸರಿ ನಡಿಗೆ ಗಂಡಸರದ್ದು 0.9, ಹೆಂಗಸರದ್ದು 0.8 ಮೀಟರ್. 14 ಮೀಟರಿನ ರಸ್ತೆಯಲ್ಲಿ ಸಿಗ್ನಲ್ 12 ಸೆಕೆಂಡು ಕೊಟ್ಟರೆ ಆ ಅಜ್ಜಿಗೆ ಬೇಕಾದದ್ದು ಹದಿನೇಳೂವರೆ.

2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತಕ್ಕೆ ಬಲಿಯಾದ 1,68,491 ಜನರಲ್ಲಿ 32,825 ಮಂದಿ ಪಾದಚಾರಿಗಳು ಎಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಅಂಕಿ ನೋಡಿ ಮುಂದೆ ಹೋಗಿಬಿಡುವುದು ಸುಲಭ. 2023ರ ಅಕ್ಟೋಬರಿನಲ್ಲಿ ಮಣ್ಣಗುಡ್ಡದ ಬಳಿ ನಡೆದದ್ದನ್ನು ಮಾತ್ರ ಮಂಗಳೂರಿನವರು ಸುಲಭಕ್ಕೆ ಮರೆಯಲಾರರು. ಅಲ್ಲಿ ನಡೆದುಹೋಗುತ್ತಿದ್ದವರು ಫುಟ್‌ಪಾತಿನ ಮೇಲೆಯೇ ಇದ್ದರು. ಕಾರು ಅಲ್ಲಿಗೇ ನುಗ್ಗಿತು. ಒಬ್ಬ ಯುವತಿ ತೀರಿಕೊಂಡಳು, ಜೊತೆಗಿದ್ದವರು ಗಾಯಗೊಂಡರು. ಹೇಳಿದ ಜಾಗದಲ್ಲೇ ನಡೆದವರಿಗೆ ಹೀಗಾದ ಮೇಲೆ "ಶಿಸ್ತು" ಎಂಬ ಮಾತನ್ನು ನಡೆಯುವವರಿಗೆ ಹೇಳುವ ಧೈರ್ಯ ನನಗಿಲ್ಲ. ತಿರುವಿನಲ್ಲಿ ಫುಟ್‌ಪಾತಿನ ಅಂಚಿಗೆ ಗಟ್ಟಿ ತಡೆಗಂಬ, ಜೊತೆಗೆ ರಸ್ತೆಯ ವಿನ್ಯಾಸದಲ್ಲೇ ವೇಗ ತಗ್ಗಿಸುವ ಏರ್ಪಾಡು, ಇವೆರಡೂ ಕೂಡಿಯೇ ಬರಬೇಕು.

ವಿನ್ಯಾಸ ಎಂದದ್ದು ಬೇಕೆಂದೇ. ಅಗಲವಾದ ನೇರ ಕಾಂಕ್ರೀಟ್ ರಸ್ತೆಯಲ್ಲಿ "30" ಎಂಬ ಫಲಕ ಹಾಕಿದರೆ ಯಾರೂ ನಿಧಾನ ಮಾಡುವುದಿಲ್ಲ. ಲೇನ್ ಕಿರಿದಾದರೆ, ಝೀಬ್ರಾ ಕ್ರಾಸಿಂಗ್ ಫುಟ್‌ಪಾತಿನ ಎತ್ತರಕ್ಕೇ ಉಬ್ಬಿಕೊಂಡಿದ್ದರೆ, ತಿರುವು ಬಿಗಿಯಾಗಿದ್ದರೆ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತದೆ. ಆಸ್ಟ್ರಿಯಾದ ಗ್ರಾಜ್ ನಗರ 1992ರಲ್ಲಿಯೇ ಮುಖ್ಯರಸ್ತೆಗಳನ್ನು ಬಿಟ್ಟು ಊರಿಗೆಲ್ಲ 30ರ ಮಿತಿ ತಂದಿತು. ನಾರ್ವೆಯ ಓಸ್ಲೋದಲ್ಲಿ 2019ರ ಇಡೀ ವರ್ಷ ಒಬ್ಬ ಪಾದಚಾರಿಯೂ ರಸ್ತೆಯಲ್ಲಿ ಸಾಯಲಿಲ್ಲ. ಊರೊಳಗೆ ಎರಡು ಕಿಲೋಮೀಟರ್ ದೂರವನ್ನು 50ರ ಬದಲು 30ರಲ್ಲಿ ಹೋದರೆ ಹೆಚ್ಚಾಗುವುದು 96 ಸೆಕೆಂಡು. ಜ್ಯೋತಿ ವೃತ್ತದಲ್ಲೋ ಪಿವಿಎಸ್ ವೃತ್ತದಲ್ಲೋ ಒಂದು ಸಿಗ್ನಲ್ ಕಾಯುವಷ್ಟರಲ್ಲಿ ಅದು ಕಳೆದುಹೋಗುತ್ತದೆ.

ಮೇಲ್ಸೇತುವೆ ಕಟ್ಟಿ, ಜನ ಮೇಲಿಂದ ದಾಟಲಿ ಎನ್ನುವವರಿದ್ದಾರೆ. ಸುರತ್ಕಲ್‌ನಿಂದ ಉಡುಪಿಯವರೆಗೆ ಹೆದ್ದಾರಿ 66ರ ಪಕ್ಕದ ಊರುಗಳಲ್ಲಿ ಈ ಬೇಡಿಕೆ ಕೇಳಿಸುತ್ತದೆ, ವಾಹನಗಳು ಎಂಬತ್ತರಲ್ಲಿ ಬರುವ ಕಡೆ ಅದಕ್ಕೆ ಅರ್ಥವೂ ಇದೆ. ಆದರೆ 1965ರಷ್ಟು ಹಿಂದೆಯೇ ಬ್ರಿಟನ್ನಿನಲ್ಲಿ ನೋಡಿದ್ದರು: ಮೇಲಿಂದ ದಾಟಲು ನೆಲದಲ್ಲಿ ದಾಟುವುದಕ್ಕಿಂತ ಒಂದೂವರೆ ಪಟ್ಟು ಸಮಯ ಹಿಡಿದರೆ ಅದನ್ನು ಬಳಸುವವರು ಹೆಚ್ಚುಕಡಿಮೆ ಯಾರೂ ಇಲ್ಲ. ಊರೊಳಗೆ ಮೇಲ್ಸೇತುವೆ ಕಟ್ಟುವುದೆಂದರೆ ಮಂಡಿನೋವಿನವರಿಗೆ ಇನ್ನಷ್ಟು ಮೆಟ್ಟಿಲು ಕೊಟ್ಟಂತೆ.

ಇನ್ನು ಅತಿ ಬಿಸಿಯಾದ ಜಗಳ, ಬೀದಿಬದಿ ವ್ಯಾಪಾರಿಗಳದ್ದು. 2024ರಲ್ಲಿ ಪಾಲಿಕೆ "ಟೈಗರ್ ಕಾರ್ಯಾಚರಣೆ" ಎಂದು ಹೆಸರಿಟ್ಟು ಗಾಡಿಗಳನ್ನು ತೆರವುಗೊಳಿಸಿದಾಗ ಊರು ಎರಡು ಪಾಲಾಯಿತು. ನನ್ನ ನಿಲುವು ಹೇಳಿಬಿಡುತ್ತೇನೆ. ನಡೆಯುವವರಿಗೆ ಗಾಡಿ ಅಡ್ಡಿಯಾಗುವ ಜಾಗಗಳಿವೆ. ಅವುಗಳಿಗೆ 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಲ್ಲಿ ಪಟ್ಟಣ ವ್ಯಾಪಾರ ಸಮಿತಿ, ವ್ಯಾಪಾರ ವಲಯ ಎಂಬ ದಾರಿಯಿದೆ. ಆದರೆ ಗಾಡಿಗಿಂತ ಹೆಚ್ಚು ಫುಟ್‌ಪಾತ್ ನುಂಗಿರುವುದು ನಿಲ್ಲಿಸಿದ ಕಾರು, ಬೈಕುಗಳು. ಅವುಗಳ ಮೇಲೆ ಅಂಥ ಆರ್ಭಟದ ಕಾರ್ಯಾಚರಣೆ ಕಾಣೆ. ಪಾರ್ಕಿಂಗ್ ತೆಗೆದರೆ ವ್ಯಾಪಾರ ಬಿದ್ದುಹೋಗುತ್ತದೆ ಎಂದು ಅಂಗಡಿಯವರು ಹೆದರುತ್ತಾರೆ. ಗ್ರಾಜ್‌ನಲ್ಲೇ ಇದನ್ನು ಕೇಳಿ ನೋಡಿದ್ದರು. ಗಿರಾಕಿಗಳಲ್ಲಿ 58 ಶೇಕಡಾ ಕಾರಿನಲ್ಲಿ ಬರುತ್ತಾರೆಂದು ಅಂಗಡಿಯವರು ಅಂದಾಜು ಮಾಡಿದ್ದರು. ಎಣಿಸಿದಾಗ ಕಾರಿನವರು 32, ನಡೆದು ಬಂದವರು 44. ಇಂಥ ಎಣಿಕೆಯನ್ನು ಹಂಪನಕಟ್ಟೆಯಲ್ಲೂ ಕಾರ್‌ಸ್ಟ್ರೀಟಿನಲ್ಲೂ ಒಂದು ವಾರ ಮಾಡಲು ಕಾಲೇಜಿನ ಹುಡುಗರು ಸಾಕು.

ಅಡ್ಡಿಯಿಲ್ಲದ ಫುಟ್‌ಪಾತ್ ಸಂವಿಧಾನದ 21ನೇ ವಿಧಿಯಡಿ ಪಾದಚಾರಿಯ ಹಕ್ಕು ಎಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿದೆ, ಅಂಗವಿಕಲರಿಗೂ ಅನುಕೂಲವಾಗುವಂತಿರಬೇಕು ಎಂದೂ ಹೇಳಿದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 198ಎ ಕಲಮಿನಲ್ಲಿ, ಸುರಕ್ಷತೆಯ ಮಾನದಂಡ ಪಾಲಿಸದೆ ರಸ್ತೆ ಮಾಡಿ ಅದರಿಂದ ಸಾವು ಅಥವಾ ಊನ ಉಂಟಾದರೆ ಗುತ್ತಿಗೆದಾರರಿಗೂ ಹೊಣೆಯಾದ ಸಂಸ್ಥೆಗೂ ಒಂದು ಲಕ್ಷ ರೂಪಾಯಿವರೆಗೆ ದಂಡವಿದೆ. ಕಾಯ್ದೆಯ ಕೊರತೆ ನಮಗಿಲ್ಲ.

ಕೆಲಸ ಶುರುಮಾಡಲು ಸ್ಮಾರ್ಟ್ ಸಿಟಿಯಂಥ ದೊಡ್ಡ ಯೋಜನೆಯೂ ಬೇಕಿಲ್ಲ. ಮಳೆಗಾಲಕ್ಕೆ ಮುಂಚೆ ಚರಂಡಿಯ ಹೂಳೆತ್ತಲು ಸ್ಲ್ಯಾಬುಗಳನ್ನು ಎಬ್ಬಿಸುತ್ತಾರೆ. ಹೂಳು ತೆಗೆದ ಮೇಲೆ ಅವನ್ನು ಹೇಗೆ ಬಿತ್ತೋ ಹಾಗೆ ಬಿಟ್ಟುಹೋಗುತ್ತಾರೆ, ವಾಲಾಟವೂ ಸಂದುಗಳೂ ಅಲ್ಲಿಂದಲೇ ಹುಟ್ಟುವುದು. ಹೂಳೆತ್ತುವ ಅದೇ ಟೆಂಡರಿನಲ್ಲಿ ಮೂರು ಅಳತೆ ಬರೆಯಲಿ: ಪಕ್ಕಪಕ್ಕದ ಸ್ಲ್ಯಾಬುಗಳ ಎತ್ತರದಲ್ಲಿ ಎಷ್ಟು ವ್ಯತ್ಯಾಸ ಇರಬಹುದು, ಸಂದು ಎಷ್ಟು ಅಗಲ ಇರಬಹುದು, ಒಡೆದ ಸ್ಲ್ಯಾಬನ್ನು ಎಷ್ಟು ದಿನದೊಳಗೆ ಬದಲಿಸಬೇಕು. ಮೊದಲ ಮಳೆಗೆ ಮುಂಚೆ ವಾರ್ಡಿನ ಎಂಜಿನಿಯರ್ ಟೇಪು ಹಿಡಿದು ಆ ದಾರಿಯಲ್ಲಿ ಒಮ್ಮೆ ನಡೆದುಹೋಗಿ, ಅಳತೆ ಸರಿಯಿದ್ದರೆ ಮಾತ್ರ ಬಿಲ್ಲಿಗೆ ಸಹಿ ಹಾಕಲಿ.