ಕ್ವೋಟಿ: ಸಮುದ್ರಕ್ಕೂ ಬಂದ ಗೇಣಿ

ಕೋಟಾ ಎಂದರೆ ನಮಗೆ ಕಾಲೇಜಿನ ಸೀಟು, ರೈಲಿನ ಟಿಕೆಟ್ಟು ನೆನಪಾಗುತ್ತವೆ. ಐಸ್‌ಲ್ಯಾಂಡಿನವರ ಬಾಯಲ್ಲಿ ಅದೇ ಪದ ‘ಕ್ವೋಟಿ’ ಆಗಿ ಮೀನಿಗೆ ಅಂಟಿಕೊಂಡಿದೆ. ಅಲ್ಲಿನ ಕರಾವಳಿಯ ಊರೊಂದರಿಂದ ಕ್ವೋಟಿ ಹೋಯಿತೆಂದರೆ ಮೀನು ಹೋಯಿತೆಂದಲ್ಲ. ಮೀನು ಅಲ್ಲೇ ಈಜುತ್ತಿರುತ್ತದೆ, ಅದನ್ನು ಹಿಡಿಯುವ ಹಕ್ಕು ಬೇರೆ ಊರಿನವರ ಪಾಲಾಗಿರುತ್ತದೆ.

ಲೆಕ್ಕ ಹೀಗೆ. ಕಾಡ್, ಹ್ಯಾಡಕ್ ಮುಂತಾದ ಒಂದೊಂದು ಜಾತಿಯ ಮೀನನ್ನು ವರ್ಷಕ್ಕೆ ಒಟ್ಟು ಎಷ್ಟು ಟನ್ ಹಿಡಿಯಬಹುದೆಂದು ಸರ್ಕಾರ ಗೊತ್ತುಮಾಡುತ್ತದೆ. ಮೀನುಗಾರಿಕೆಯ ವರ್ಷ ಶುರುವಾಗುವುದು ಸೆಪ್ಟೆಂಬರ್ 1ಕ್ಕೆ. ಒಂದು ದೋಣಿಯ ಪಾಲು ಶೇ. 0.1 ಇದೆ ಎನ್ನಿ. ಒಟ್ಟು ಮಿತಿ 2 ಲಕ್ಷ ಟನ್ ಆದರೆ ಅದಕ್ಕೆ 200 ಟನ್, ಮಿತಿ 1.8 ಲಕ್ಷಕ್ಕೆ ಇಳಿದರೆ 180 ಟನ್. ಟನ್ನು ವರ್ಷ ವರ್ಷ ಬದಲಾಗುತ್ತದೆ, ಶೇಕಡಾ ಪಾಲು ಮಾತ್ರ ಕೈಬಿಡುವುದಿಲ್ಲ. ಆ ಪಾಲನ್ನೇ ಮಾರಬಹುದು, ಇಲ್ಲವೇ ಒಂದು ವರ್ಷದ ಟನ್ನುಗಳನ್ನು ಮಾತ್ರ ಬಾಡಿಗೆಗೆ ಕೊಡಬಹುದು. ನಮ್ಮ ಕರಾವಳಿಯಲ್ಲಿ ಜೂನ್, ಜುಲೈ ತಿಂಗಳಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧವಿದೆಯಲ್ಲ, ಅದು ಕಾಲಕ್ಕೆ ಹಾಕಿದ ಬೇಲಿ. ಕ್ವೋಟಿ ತೂಕಕ್ಕೆ ಹಾಕಿದ ಬೇಲಿ.

ಬೇಲಿ ಬೇಕಾಗಿತ್ತು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಬ್ರಿಟನ್ನಿನ ಜೊತೆ ‘ಕಾಡ್ ಯುದ್ಧ’ಗಳನ್ನೇ ಮಾಡಿ, 1976ರ ಹೊತ್ತಿಗೆ ಐಸ್‌ಲ್ಯಾಂಡ್ ತನ್ನ ಸುತ್ತಲಿನ 200 ಮೈಲಿ ಕಡಲನ್ನು ತನ್ನದಾಗಿಸಿಕೊಂಡಿತು. ಪರದೇಶದ ಟ್ರಾಲರ್‌ಗಳು ಹೋದವು, ಸ್ವದೇಶದ ಟ್ರಾಲರ್‌ಗಳು ಬಂದವು. ಮೀನಿಗೇನು, ಬಲೆ ಯಾರದಾದರೂ ಒಂದೇ. ಕಾಡ್ ಸಂತತಿ ಕುಸಿಯುತ್ತ ಹೋದಾಗ 1984ರಲ್ಲಿ ಅದಕ್ಕೆ ಕ್ವೋಟಿ ಬಂತು. 1990ರ ಕಾನೂನು ಪಾಲುಗಳ ಮಾರಾಟವನ್ನು ಸಲೀಸು ಮಾಡಿತು.

ತಕರಾರು ಹುಟ್ಟಿದ್ದು ಹಂಚಿಕೆಯಲ್ಲಿ. ಹಿಂದಿನ ಮೂರು ವರ್ಷಗಳಲ್ಲಿ ಯಾವ ದೋಣಿ ಎಷ್ಟು ಹಿಡಿದಿತ್ತು ಎಂದು ನೋಡಿ, ಅದೇ ಪ್ರಮಾಣದಲ್ಲಿ ದೋಣಿಯ ಮಾಲೀಕರಿಗೆ ಪಾಲು ಸಿಕ್ಕಿತು, ಪುಕ್ಕಟೆಯಾಗಿ. ಚಳಿಗೆ ಮರಗಟ್ಟಿದ ಕೈಯಲ್ಲಿ ಬಲೆ ಎಳೆದವರಿಗೆ ಇಲ್ಲ, ದಡದ ಕಾರ್ಖಾನೆಯಲ್ಲಿ ನಿಂತು ಮೀನು ಸೀಳಿದ ಹೆಂಗಸರಿಗೂ ಇಲ್ಲ. ಮೀನು ಸಂಪತ್ತು ಇಡೀ ರಾಷ್ಟ್ರದ ಸ್ವತ್ತು ಎಂದು ಕಾನೂನಿನ ಮೊದಲ ಕಲಮೇ ಸಾರುತ್ತದೆ ಎಂಬುದನ್ನು ಇಲ್ಲಿ ನೆನೆಯಬೇಕು.

ಜನ ಈ ವ್ಯವಸ್ಥೆಗೆ ಕಟ್ಟಿದ ಹೆಸರುಗಳು ಕಡಲಿನವಲ್ಲ, ನೆಲದವು. ದೊಡ್ಡ ಪಾಲುದಾರ ‘ಸೈಗ್ರೇವಿ’, ಅಂದರೆ ಕಡಲ ಜಮೀನ್ದಾರ. ಪಾಲಿಲ್ಲದೆ ಬಾಡಿಗೆ ಟನ್ನಿನ ಮೇಲೆ ಬದುಕುವವನು ‘ಲೇಗುಲಿದಿ’, ನಮ್ಮ ಮಾತಿನಲ್ಲಿ ಗೇಣಿ ಒಕ್ಕಲು. ಮೀನು ಮಾರಿ ಬಂದದ್ದರಲ್ಲಿ ದೊಡ್ಡ ಭಾಗವನ್ನು ಅವನು ಮೊದಲು ಧಣಿಗೆ ಅಳೆದುಕೊಡಬೇಕು. ‘ಉಳುವವನೇ ಹೊಲದೊಡೆಯ’ ಎಂಬ ಘೋಷಣೆ ಕೇಳಿದ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪಶ್ಚಿಮದ ಫ್ಯೋರ್ಡ್ (ಬೆಟ್ಟಗಳ ನಡುವೆ ಒಳನಾಡಿಗೆ ಚಾಚಿದ ಕಡಲ ತೋಳು) ಒಂದರ ದಡದಲ್ಲಿ ಫ್ಲಾಟೇರಿ ಎಂಬ ಪುಟ್ಟ ಊರಿದೆ, ಕೆಲವೇ ನೂರು ಜನ. 2007ರಲ್ಲಿ ಅಲ್ಲಿನ ಮುಖ್ಯ ಮೀನು ಕಂಪನಿ ದೋಣಿಗಳನ್ನೂ ಕ್ವೋಟಿಯನ್ನೂ ಮಾರಿಬಿಟ್ಟಿತು, ನೂರಕ್ಕೂ ಹೆಚ್ಚು ಜನರ ಕೆಲಸ ಹೋಯಿತು. ಕಾಗದದ ಮೇಲೆ ಅದೊಂದು ಕ್ರಯಪತ್ರ, ಅಷ್ಟೆ.

ಅದಕ್ಕೂ ಕೆಲವು ವರ್ಷ ಮುಂಚೆ ಇಬ್ಬರು ಮೀನುಗಾರರು ಬೇಕೆಂದೇ ಕ್ವೋಟಿ ಇಲ್ಲದೆ ಮೀನು ಹಿಡಿದು, ತಾವೇ ಹೋಗಿ ಸರ್ಕಾರಕ್ಕೆ ತಿಳಿಸಿದ್ದರು. ದೇಶದ ನ್ಯಾಯಾಲಯ ದಂಡ ಹಾಕಿತು. ಆದರೆ 2007ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ, ಈ ಹಂಚಿಕೆ ತಾರತಮ್ಯದ್ದು ಎಂದಿತು.

2009ರಿಂದ ಬೇಸಿಗೆಯಲ್ಲಿ ಕ್ವೋಟಿ ಇಲ್ಲದವರಿಗೂ ಒಂದು ಕಿಂಡಿ ತೆರೆದಿದೆ. ಸಣ್ಣ ದೋಣಿ, ಗಾಳ ಮಾತ್ರ, ಸೋಮವಾರದಿಂದ ಗುರುವಾರದವರೆಗೆ, ದಿನಕ್ಕೆ 14 ಗಂಟೆಯೊಳಗೆ ಹೋಗಿ ಬರಬೇಕು. ಎಲ್ಲರಿಗೂ ಸೇರಿ ಇಷ್ಟು ಟನ್ ಎಂದು ಎತ್ತಿಟ್ಟ ಪಾಲು ತೀರಿದ ದಿನ ಕಿಂಡಿ ಮುಚ್ಚುತ್ತದೆ. ಆಗಸ್ಟ್ ಕೊನೆಯವರೆಗೆ ನಡೆಯಬೇಕಾದ ಋತು 2023ರಲ್ಲಿ ಜುಲೈನಲ್ಲೇ ಮುಗಿಯಿತು. ಆ ಉತ್ತರದ ಬೇಸಿಗೆಯಲ್ಲಿ ನಡುರಾತ್ರಿಗೂ ಬೆಳಕು ಪೂರ್ತಿ ಆರುವುದಿಲ್ಲ. ಅಂಥ ಬೆಳಕಿನಲ್ಲಿ ಸಣ್ಣ ದೋಣಿಗಳು ಬಂದರಿನಲ್ಲಿ ಹಗ್ಗ ಬಿಗಿದುಕೊಂಡು ನಿಂತವು.